ಸಂಜೆ ನಾಲ್ಕೂವರೆಯ ಮಿರ್ಚಿ

ಗಂಗಾವತಿಯಲ್ಲಿ ಸಕ್ಕರೆ ಕಾಯಿಲೆ ಇರುವವರು ಮತ್ತು ಅವರ ಮನೆಯವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಇಲ್ಲಿಗೆ ಬರುವಾಗ ಒಂದಾದರೂ ಮಿರ್ಚಿ ಬಂಡಿ ದಾಟಿ ಬಂದಿದ್ದೀರಿ. ನಾನೂ ದಾಟಿ ಬಂದೆ. ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಎಣಿಸಿದೆ. ಗಂಟೆ ನಾಲ್ಕೂವರೆ. ಎಣ್ಣೆ ಕಾದಿತ್ತು. ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಒಳಗೆ ಉಪ್ಪು, ಅಜವಾನ ಸವರಿ, ಕಡ್ಲಿಹಿಟ್ಟಿನಲ್ಲಿ ಅದ್ದಿ, ಬೋಗುಣಿಯ ಅಂಚಿಗೆ ಒಂದು ಸಲ ಒರೆಸಿ ಬಾಣಲೆಗೆ ಬಿಡುತ್ತಿದ್ದರು. ಆ ಚುಂಯ್ ಸದ್ದು ಕೇಳಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಮಧ್ಯಾಹ್ನ ಎರಡಕ್ಕೆ ಹೊಟ್ಟೆ ತುಂಬ ಊಟ ಮಾಡಿದ್ದೆ. ಹಸಿವು ಇರಲೇ ಇಲ್ಲ. ಆದರೂ ಕಾಲು ನಿಧಾನವಾಯಿತು.

ಇವತ್ತು ನಾನು ಮಾತಾಡುವುದು ಆ ನಿಧಾನವಾದ ಕಾಲಿನ ಬಗ್ಗೆ.

ಆಹಾರದ ಸಲಹೆ ಕೊಡುವ ಕೆಲಸದಲ್ಲಿ ನಾನು ಹದಿನಾರು ವರ್ಷದಿಂದ ಇದ್ದೇನೆ. ಏನು ತಿನ್ನಬೇಕು, ಏನು ಬಿಡಬೇಕು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಅನ್ನ ಕಡಿಮೆ, ಸಕ್ಕರೆ ಬೇಡ, ಕರಿದದ್ದು ಬೇಡ, ಪಲ್ಯ ಜಾಸ್ತಿ. ನನ್ನ ಹತ್ತಿರ ಬರುವವರು ಇದನ್ನು ನಾನು ಹೇಳುವ ಮೊದಲೇ ಹೇಳುತ್ತಾರೆ. ಆಮೇಲೆ ತಲೆ ತಗ್ಗಿಸಿ, 'ಗೊತ್ತೈತ್ರೀ ಮೇಡಂ, ಆದ್ರ ಬಾಯಿ ಕೇಳಂಗಿಲ್ಲ' ಅನ್ನುತ್ತಾರೆ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಹೇಳುತ್ತಾರೆ. ಆ ದನಿ ಕೇಳಿದಾಗ ನನಗೆ ಬಹಳ ಸಂಕಟವಾಗುತ್ತದೆ. ಬಾಯಿ ಕೇಳದೇ ಇರುವುದು ನಿಮ್ಮ ಗುಣದ ದೋಷ ಅಲ್ಲ. ಅದು ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಅದನ್ನು ಸಂಭಾಳಿಸುವುದು ಅಷ್ಟೇನೂ ಕಷ್ಟ ಇಲ್ಲ.

ಹಸಿವು ಬೇರೆ, ಚಪಲ ಬೇರೆ. ಹಸಿವು ನಿಧಾನವಾಗಿ ಏರುತ್ತದೆ. ಹೊಟ್ಟೆ ಖಾಲಿಯಾದ ಹಾಗೆ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿಯಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಕಂಡುಹಿಡಿದರು. ಹಸಿದವರಿಗೆ ಕಡಕ್ ರೊಟ್ಟಿ ಕೊಟ್ಟರೂ ನಡೆಯುತ್ತದೆ, ಮಜ್ಜಿಗೆ ಅನ್ನ ಕೊಟ್ಟರೂ ನಡೆಯುತ್ತದೆ. ಚಪಲ ಹಾಗಲ್ಲ. ಅದಕ್ಕೆ ಮಿರ್ಚಿಯೇ ಬೇಕು, ಅದೂ ಆ ಬಂಡಿಯದ್ದೇ. ಹಾಗಾಗಿ ಪರೀಕ್ಷೆ ಸುಲಭ. ಏನಾದರೂ ತಿನ್ನಬೇಕು ಅನಿಸಿದಾಗ, 'ಈಗ ಯಾರಾದರೂ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕೊಟ್ಟರೆ ತಿಂತೀನಾ' ಅಂತ ಕೇಳಿಕೊಳ್ಳಿ. ತಿಂತೀನಿ ಅನಿಸಿದರೆ ಅದು ಹಸಿವು. ಊಟ ಮಾಡಿ, ತಡ ಮಾಡಬೇಡಿ. ಬೇಡ, ಮಿರ್ಚಿಯೇ ಬೇಕು ಅನಿಸಿದರೆ ಅದು ಚಪಲ.

ಈ ಚಪಲ ಹುಟ್ಟುವುದು ಎಲ್ಲಿ? ನಾಲಿಗೆಯಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ಶಾಲೆಯಲ್ಲಿ ಕೇಳಿರುತ್ತೀರಿ. ಜೀರ್ಣಕ್ರಿಯೆಯ ಕುರಿತ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದವರು. ಅವರ ನಾಯಿಗಳಿಗೆ ಊಟ ಬರುವ ಸುಳಿವು ಸಿಕ್ಕರೆ ಸಾಕು, ಊಟ ಬರುವ ಮೊದಲೇ ಜೊಲ್ಲು ಸುರಿಯುತ್ತಿತ್ತು. ನಮ್ಮ ಮಿದುಳಿನಲ್ಲೂ ಹೀಗೇ ಆಗುತ್ತದೆ. ಡೋಪಮಿನ್ ಅನ್ನುವ ರಾಸಾಯನಿಕ ಮೊದಮೊದಲು ತಿಂದಾಗ ಹರಿಯುತ್ತದೆ. ಅದೇ ತಿಂಡಿ, ಅದೇ ಹೊತ್ತು, ಅದೇ ಜಾಗ ಅಂತ ರೂಢಿಯಾದ ಮೇಲೆ ಸುಳಿವು ಸಿಕ್ಕಾಗಲೇ ಹರಿಯಲು ಶುರುವಾಗುತ್ತದೆ. ಕಾದ ಎಣ್ಣೆಯ ವಾಸನೆ ಒಂದು ಸುಳಿವು. ಗಡಿಯಾರದ ನಾಲ್ಕೂವರೆ ಒಂದು ಸುಳಿವು. 'ಬರ್ರೀ ಅಣ್ಣಾ, ಚಾ ಕುಡಿಯೋಣ' ಅನ್ನುವ ಗೆಳೆಯನ ದನಿಯೂ ಒಂದು ಸುಳಿವೇ.

ಅದಕ್ಕೆ ನಾನು ಹೇಳುವುದು ಇಷ್ಟು. ಮಿರ್ಚಿಯ ಜೊತೆ ಜಗಳ ಆಡಬೇಡಿ. ನಿಮ್ಮ ಮಿರ್ಚಿಗೆ ಒಂದು ಹೊತ್ತು ಇದೆ, ಒಂದು ಜಾಗ ಇದೆ. ಅದನ್ನು ಮೊದಲು ಪತ್ತೆ ಹಚ್ಚಿ.

ಇದನ್ನು ನನಗೆ ಕಲಿಸಿಕೊಟ್ಟವರು ಇಲ್ಲೇ ಹತ್ತಿರದ ಒಂದು ರೈಸ್ ಮಿಲ್ಲಿನ ಗುಮಾಸ್ತರು. ವಯಸ್ಸು ನಲವತ್ತೆಂಟು. ದಿನಕ್ಕೆ ಆರು ಮಿರ್ಚಿ, ಒಂದು ಪ್ಲೇಟು ಮಂಡಕ್ಕಿ ವಗ್ಗರಣಿ. ಬಿಡಬೇಕು ಅಂತ ಎರಡು ವರ್ಷ ಹೆಣಗಾಡಿದ್ದರು. ನಾನು ಅವರಿಗೆ ಏನನ್ನೂ ಬಿಡಲು ಹೇಳಲಿಲ್ಲ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ, ಆಸೆ ಬಂದಾಗ ಗಂಟೆ ಎಷ್ಟು, ಎಲ್ಲಿದ್ದೀರಿ, ಹಿಂದಿನ ಊಟ ಯಾವಾಗ, ಏನು ಅಂತ ಮಾತ್ರ ಬರೆಯಿರಿ ಅಂದೆ. ಲೆಕ್ಕ ಬರೆಯುವ ಕೈ ಅವರದು, ಚೊಕ್ಕವಾಗಿ ಬರೆದು ತಂದರು. ಹನ್ನೆರಡು ದಿನದ ಲೆಕ್ಕ. ಆಸೆ ಬಂದದ್ದೆಲ್ಲ ನಾಲ್ಕೂವರೆಯಿಂದ ಐದೂಕಾಲರ ಒಳಗೆ. ಜಾಗ ಮಿಲ್ಲಿನ ಗೇಟು. ಊಟ ಒಂದು ಗಂಟೆಗೆ, ಅನ್ನ ಸಾರು. ಭಾನುವಾರದ ಸಾಲು ಖಾಲಿ! ಮನೆಯಲ್ಲಿದ್ದ ಎರಡು ಭಾನುವಾರವೂ ಮಿರ್ಚಿಯ ನೆನಪೇ ಬಂದಿರಲಿಲ್ಲ. ಅವರೇ ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತರು. 'ಹಂಗಾದ್ರ ನನಗ ಮಿರ್ಚಿ ಹುಚ್ಚಿಲ್ರೀ, ಗೇಟಿನ ಹುಚ್ಚು' ಅಂದರು.

ಆಮೇಲೆ ಮಾಡಿದ್ದು ಎರಡೇ ಕೆಲಸ. ನಾಲ್ಕು ಗಂಟೆಗೆ, ಅಂದರೆ ಆಸೆ ಬರುವ ಅರ್ಧ ಗಂಟೆ ಮೊದಲು, ಮನೆಯಿಂದ ತಂದ ಹೆಸರುಕಾಳಿನ ಉಸುಳಿ ಒಂದು ಬಟ್ಟಲು ತಿನ್ನುವುದು. ಸಂಜೆ ಹಿಂದಿನ ಗೇಟಿನಿಂದ ಹೊರಡುವುದು. ಮೊದಲ ವಾರ ಬಹಳ ಕಷ್ಟವಾಯಿತು, ಸಿಡಿಮಿಡಿಯಾಗುತ್ತಿತ್ತು ಅಂದರು. ಮೂರನೇ ವಾರಕ್ಕೆ ನಾಲ್ಕೂವರೆ ಆದದ್ದೇ ಗೊತ್ತಾಗಲಿಲ್ಲವಂತೆ. ಈಗಲೂ ಶನಿವಾರ ಗೆಳೆಯರ ಜೊತೆ ಎರಡು ಮಿರ್ಚಿ ತಿನ್ನುತ್ತಾರೆ. ನಾನೇ ತಿನ್ನಿ ಅಂದಿದ್ದೇನೆ.

ಅವರ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯ ಇತ್ತಲ್ಲ, ಅನ್ನ ಸಾರಿನ ಊಟ. ಪಾಲಿಶ್ ಮಾಡಿದ ಬಿಳಿ ಅನ್ನ, ತಿಳಿಸಾರು ಉಂಡರೆ ಸಕ್ಕರೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಮೂರು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಹಸಿವು. ಆ ಹಸಿವೂ ಗೇಟಿನ ವಾಸನೆಯೂ ಸೇರಿದರೆ ಯಾರು ತಡೆದಾರು? ಊಟದಲ್ಲಿ ಕಾಳುಪಲ್ಯ, ಮೊಸರು, ಪುಂಡಿಪಲ್ಯ ಇದ್ದರೆ ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ. ಮೊದಲು ಪಲ್ಯ, ಕಾಳು ಉಣ್ಣಿ. ಅನ್ನ ಕೊನೆಗೆ. ಸಂಜೆಯ ಚಪಲಕ್ಕೆ ಮದ್ದು ಮಧ್ಯಾಹ್ನದ ತಟ್ಟೆಯಲ್ಲಿದೆ.

ಅನ್ನದ ಮಾತು ಬಂದದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಗಂಗಾವತಿಯಲ್ಲಿ ನಿಂತು ಅನ್ನ ಕಡಿಮೆ ಮಾಡಿ ಅನ್ನುವುದು ಸಣ್ಣ ಮಾತಲ್ಲ. ಭತ್ತದ ಕಣಜ ಅಂತ ಕರೆಸಿಕೊಂಡ ಊರು ಇದು. ಆದರೆ ಈ ಅನ್ನ ನಮಗೆ ಎಷ್ಟು ಹಳೆಯದು? ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಅದಕ್ಕೂ ಮೊದಲು ಈ ಭಾಗದ ಊಟ ಜೋಳ, ಸಜ್ಜೆ, ನವಣೆ. ಯೋಜನೆ ಮಾಡಿದವರು ಕಾಲುವೆಯ ನೀರಿಗೂ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಯನ್ನೇ ಲೆಕ್ಕ ಹಾಕಿದ್ದರು. ಭತ್ತ ಆಮೇಲೆ ಹಬ್ಬಿತು. ನಮ್ಮಜ್ಜಿ ಅನ್ನ ಕಂಡದ್ದು ಹಬ್ಬಕ್ಕೆ, ಜಾತ್ರೆಗೆ, ಇಲ್ಲವೇ ಜ್ವರ ಬಂದಾಗ. ಅನ್ನ ಇಲ್ಲದಿದ್ದರೆ ಊಟವೇ ಅಲ್ಲ ಅನ್ನುವ ನಮ್ಮ ಈಗಿನ ಭಾವನೆಗೆ ಎರಡು ಮೂರು ತಲೆಮಾರಿನ ವಯಸ್ಸು ಅಷ್ಟೇ. ರೂಢಿಯಿಂದ ಬಂದ ಆಸೆ ರೂಢಿಯಿಂದಲೇ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಗಳೇ ಸಾಕ್ಷಿ.

ಹಾಗಂತ ಒಂದೇ ಏಟಿಗೆ ಬಿಡಬೇಡಿ. ಕಾರಟಗಿ ಕಡೆಯ ಒಬ್ಬ ರೈತರು ದೊಡ್ಡ ಊರಿನ ಆಸ್ಪತ್ರೆಯೊಂದರಿಂದ ಊಟದ ಚೀಟಿ ತಂದು ನನಗೆ ತೋರಿಸಿದ್ದರು. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಅನ್ನದ ಮುಂದೆ ದಪ್ಪ ಅಕ್ಷರದಲ್ಲಿ 'ಪೂರ್ತಿ ಬಂದ್'. ಎಂಟು ಎಕರೆ ಭತ್ತ ಬೆಳೆಯುವ ಮನುಷ್ಯ! ಒಂಬತ್ತು ದಿನ ಹಲ್ಲು ಕಚ್ಚಿ ನಡೆಸಿದರು. ಹತ್ತನೇ ದಿನ ಬೀಗರ ಮನೆಯ ಗೃಹಪ್ರವೇಶದಲ್ಲಿ ಕೂತವರು ಮೂರು ಸಲ ಅನ್ನ ಹಾಕಿಸಿಕೊಂಡರು. ಮರುದಿನದಿಂದ ಚೀಟಿ ಗೂಡಿಗೆ ಹೋಯಿತು. ತಪ್ಪು ಅವರದ್ದಲ್ಲ, ಚೀಟಿಯದ್ದು. ಅವರ ಮನೆಯಲ್ಲಿ ಏನು ಬೇಯುತ್ತದೆ ಅಂತ ಒಂದು ಮಾತು ಕೇಳದೆ ಬರೆದದ್ದು ಅದು.

ಹೊಟ್ಟೆ ಕಟ್ಟಿದರೆ ಮನಸ್ಸು ಏನು ಮಾಡುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಮಾಮೂಲಿಗಿಂತ ಸುಮಾರು ಅರ್ಧ ಊಟ ಕೊಟ್ಟು ನೋಡಿದರು. ಅವರೇ ಒಪ್ಪಿ ಬಂದವರು. ಕೆಲವು ವಾರದಲ್ಲಿ ಆ ಹುಡುಗರಿಗೆ ಊಟದ ಕನಸು, ಊಟದ್ದೇ ಮಾತು. ಅಡುಗೆ ಪುಸ್ತಕ ಓದುತ್ತ, ಅಡುಗೆಯ ವಿಧಾನ ಬರೆದಿಟ್ಟುಕೊಳ್ಳುತ್ತ ಕೂರುತ್ತಿದ್ದರು. ಮೊದಲು ಅಡುಗೆ ಮನೆಯ ಕಡೆ ತಲೆ ಹಾಕದವರೂ ಹಾಗೆ ಮಾಡಿದರು. ಉಪವಾಸ ಇದ್ದು ಚಪಲ ಗೆಲ್ಲುತ್ತೇನೆ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಹಸಿದ ಹೊಟ್ಟೆ ಚಪಲವನ್ನು ಸಾಕಿ ದೊಡ್ಡದು ಮಾಡುತ್ತದೆ.

ಆ ರೈತರಿಗೆ ನಾವು ಮಾಡಿದ ಏರ್ಪಾಡು ಇದು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಎರಡು ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕೊನೆಗೆ ಒಂದು ಸಣ್ಣ ಬಟ್ಟಲು ಮಜ್ಜಿಗೆ ಅನ್ನ. ರಾತ್ರಿ ಒಂದು ರೊಟ್ಟಿ, ಕಾಳು. ರೊಟ್ಟಿಯೂ ಸಕ್ಕರೆ ಏರಿಸುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ಅದರಲ್ಲಿ ನಾರು ಜಾಸ್ತಿ, ಅಗಿಯಬೇಕು, ಪಲ್ಯ ಇಲ್ಲದೆ ಇಳಿಯುವುದಿಲ್ಲ. ಎರಡಕ್ಕೆ ಹೊಟ್ಟೆ ಸಾಕು ಅನ್ನುತ್ತದೆ. ಕೊನೆಯ ಆ ಬಟ್ಟಲು ಅನ್ನ ಇದ್ದದ್ದರಿಂದಲೇ ಅವರು ಇವತ್ತಿಗೂ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ಖಾರದ ಬಗ್ಗೆ ಬಹಳ ಜನ ಕೇಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸಪ್ಪೆ ಊಟ ಮಾಡಿ ಅಂದರೆ ಅದು ಊಟ ಬಿಡಿ ಅಂದ ಹಾಗೆ. ಖಾರ ನಿಜವಾಗಿ ರುಚಿ ಅಲ್ಲ, ಉರಿ. ಬಿಸಿ ಮುಟ್ಟಿದಾಗ ಯಾವ ನರ ಎಚ್ಚರಾಗುತ್ತದೋ ಅದನ್ನೇ ಮೆಣಸಿನಕಾಯಿ ಎಬ್ಬಿಸುತ್ತದೆ. ಆ ನರದ ಬಾಗಿಲನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಉರಿ ಆದಮೇಲೆ ಒಂದು ಹಿತ ಬರುತ್ತದಲ್ಲ, ಮಿರ್ಚಿಯಲ್ಲಿ ನಿಮಗೆ ಬೇಕಾದದ್ದು ಅರ್ಧಕ್ಕರ್ಧ ಅದೇ. ಅದಕ್ಕೆ ಎಣ್ಣೆಯ ಬಾಣಲೆ ಯಾಕೆ? ಅದೇ ಮೆಣಸಿನಕಾಯಿಯನ್ನು ಹಂಚಿನ ಮೇಲೆ ಹಾಕಿ, ಮೈಮೇಲೆ ಕಪ್ಪು ಚುಕ್ಕೆ ಏಳುವ ತನಕ ಸುಡಿ. ಮೇಲೆ ನಾಲ್ಕು ಹರಳು ಉಪ್ಪು, ನಿಂಬೆಹಣ್ಣು. ಬಿಸಿ ರೊಟ್ಟಿ ಜೊತೆ ಕಚ್ಚಿ ನೋಡಿ. ಹೊಟ್ಟೆಯಲ್ಲಿ ಉರಿ, ಹುಳಿತೇಗು ಇರುವವರು ಮಾತ್ರ ಇದನ್ನು ಬಿಡಿ.

ಇನ್ನು ನನ್ನ ವಿಷಯ. ನನ್ನದು ಚಹಾ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕೈದು ಗ್ರಾಂ ಹಿಡಿದರೂ ಚಹಾದಲ್ಲೇ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಸಾಮಾನ್ಯ ಊಟ ಮಾಡುವವರಿಗೆ ಮೇಲಿನಿಂದ ಹಾಕುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಒಮ್ಮೆಲೇ ಸಕ್ಕರೆ ಬಿಟ್ಟಾಗ ಮೂರು ದಿನಕ್ಕೆ ಸೋತೆ. ಆಮೇಲೆ ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸುತ್ತ ಬಂದೆ. ಇಳಿಸಿದ ಮೊದಲ ಎರಡು ಮೂರು ದಿನ ಚಹಾ ಸಪ್ಪೆ. ವಾರದ ಹೊತ್ತಿಗೆ ಅದೇ ಸರಿ ಅನಿಸುತ್ತಿತ್ತು. ಎರಡು ತಿಂಗಳಿಗೆ ಸಕ್ಕರೆ ಇಲ್ಲದ ಚಹಾಕ್ಕೆ ಬಂದು ನಿಂತೆ. ಒಂದು ದಿನ ನಮ್ಮ ಅತ್ತಿಗೆ ಮರೆತು ಹಳೆಯ ಲೆಕ್ಕದಲ್ಲೇ ಮಾಡಿ ಕೊಟ್ಟರು. ಒಂದು ಗುಟುಕು ಕುಡಿದೆ, ಹೋಳಿಗೆಗೆ ಮಾಡಿದ ಪಾಕ ಕುಡಿದಂತಾಯಿತು. ಉಪ್ಪಿನ ವಿಷಯದಲ್ಲೂ ಹೀಗೇ ಅಂತ 1982ರಲ್ಲೇ ಒಂದು ಅಧ್ಯಯನ ತೋರಿಸಿತ್ತು. ಕೆಲವು ತಿಂಗಳು ಕಡಿಮೆ ಉಪ್ಪು ಉಂಡವರಿಗೆ ಆಮೇಲೆ ಕಡಿಮೆ ಉಪ್ಪೇ ರುಚಿಯಾಯಿತು. ನಾಲಿಗೆ ಕಲಿಯುತ್ತದೆ. ಅದಕ್ಕೆ ಟೈಮ್ ಕೊಡಬೇಕು ಅಷ್ಟೇ.

ಸರಿ, ಎಷ್ಟೇ ಏರ್ಪಾಡು ಮಾಡಿಕೊಂಡರೂ ಆಸೆ ಬಂದೇ ಬಿಟ್ಟಿತು. ಆಗ ಏನು ಮಾಡುವುದು? ಚಪಲ ಅಂದರೆ ಕಣ್ಣೊಳಗೆ ಓಡುವ ಚಿತ್ರ. ಬಾಣಲೆ, ಬಣ್ಣ, ಹಬೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕಣ್ಣು ಮತ್ತು ಕೈ ಎರಡಕ್ಕೂ ಕೆಲಸ ಕೊಟ್ಟರೆ ಆ ಚಿತ್ರಕ್ಕೆ ಜಾಗ ಸಾಲುವುದಿಲ್ಲ. ಇಂಗ್ಲೆಂಡಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇಡಿಯಂಥ ಮುದ್ದೆಯಿಂದ ಆಕಾರ ಮಾಡುತ್ತ ಕೂತವರಿಗೆ ಚಾಕೊಲೇಟಿನ ಆಸೆ ಕಡಿಮೆಯಾಯಿತು. ನಮಗೆ ಜೇಡಿಯೇ ಬೇಕಿಲ್ಲ. ಹೂ ಕಟ್ಟಿ, ಕಾಳು ಹಸನು ಮಾಡಿ, ರಾತ್ರಿಯ ರೊಟ್ಟಿಯನ್ನು ಆಗಲೇ ಬಡಿಯಲು ಕೂತುಕೊಳ್ಳಿ. ಕಾಲು ಗಂಟೆ ಬಿರುಸಾಗಿ ನಡೆದರೂ ಆಸೆ ತಗ್ಗುತ್ತದೆ. ಬಂಡಿ ಇಲ್ಲದ ರಸ್ತೆಯಲ್ಲಿ ನಡೆಯಿರಿ. ಆಸೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿಯುತ್ತದೆ. ಏರುತ್ತಿರುವಾಗ ಮಾತ್ರ ಅದು ಇಳಿಯುವುದೇ ಇಲ್ಲ ಅನಿಸುತ್ತದೆ.

ನಿದ್ದೆ ಬಿಟ್ಟವರಿಗೆ ಇದೆಲ್ಲ ಎರಡು ಪಟ್ಟು ಕಷ್ಟ. 2004ರ ಒಂದು ಅಧ್ಯಯನದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹಸಿವಿನ ಹಾರ್ಮೋನು ಶೇ 28ರಷ್ಟು ಏರಿತ್ತು. ಸಿಹಿ, ಉಪ್ಪು, ಹಿಟ್ಟಿನ ತಿಂಡಿಯ ಕಡೆಗೇ ಮನಸ್ಸು ಎಳೆಯುತ್ತಿತ್ತು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರು, ಮಿಲ್ಲಿನ ನೈಟ್ ಪಾಳಿಯವರು ನಿಮ್ಮ ಮನೆಯಲ್ಲಿದ್ದರೆ ಮರುದಿನ ಅವರನ್ನು ಬಯ್ಯಬೇಡಿ. ಮಧ್ಯಾಹ್ನ ಮಲಗಲು ಬಿಡಿ.

ಅಂಗಡಿಯಲ್ಲಿ ಮಾಲೆಯಂತೆ ನೇತಾಡುವ ಐದು ರೂಪಾಯಿ ಪ್ಯಾಕೆಟ್ಟುಗಳ ಬಗ್ಗೆ ಒಂದೇ ಮಾತು. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ 2019ರಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಮಾಮೂಲಿ ಅಡುಗೆ ಕೊಟ್ಟು ನೋಡಿದರು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದಾಗ ಕಾರ್ಖಾನೆಯ ತಿನಿಸಿನಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಮಿರ್ಚಿ ಎರಡಕ್ಕೆ ಸಾಕು ಅನಿಸಬಹುದು, ಪ್ಯಾಕೆಟ್ಟು ಸಾಕು ಅನಿಸುವುದೇ ಇಲ್ಲ. ಮನೆಗೆ ತರಲೇಬೇಡಿ.

ಎರಡು ಎಚ್ಚರಿಕೆ ಹೇಳಲೇಬೇಕು, ದಯವಿಟ್ಟು ಗಮನ ಕೊಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಬೆವರು, ಕೈ ನಡುಕ, ತಡೆಯಲಾರದ ಹಸಿವು ಬಂದರೆ ಅದು ಚಪಲ ಅಲ್ಲ. ಸಕ್ಕರೆ ತೀರ ಇಳಿದಿದೆ. ತಡೆದುಕೊಳ್ಳುತ್ತ ಕೂರಬೇಡಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಆಮೇಲೆ ಡಾಕ್ಟರಿಗೆ ತಿಳಿಸಿ. ಇನ್ನೊಂದು ಹೆಣ್ಣುಮಕ್ಕಳ ವಿಷಯ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕು ಅನಿಸುತ್ತದೆ ಅಂತ ನಾಚಿಕೊಂಡು ಹೇಳುತ್ತಾರೆ. ಬಸುರಿಯರಲ್ಲಿ ಜಾಸ್ತಿ. ಇದು ಮನಸ್ಸಿನ ಚಪಲ ಅಂತ ಬಿಡಬೇಡಿ. ಬಹಳ ಸಲ ಇದರ ಹಿಂದೆ ರಕ್ತದಲ್ಲಿ ಕಬ್ಬಿಣದ ಕೊರತೆ ಇರುತ್ತದೆ. ಹಿಮೋಗ್ಲೋಬಿನ್ ನೋಡಿಸಿ. ಬಯ್ದು ಬಿಡಿಸುವುದಲ್ಲ ಅದು, ಔಷಧಿ ಕೊಟ್ಟು ವಾಸಿ ಮಾಡುವುದು.

ಪ್ರಶ್ನೆಗಳಲ್ಲಿ ಮೊದಲನೆಯದು ಹಿಂದಿನ ಸಾಲಿನಿಂದ ಒಬ್ಬ ಹಿರಿಯರದು. 'ಕೊಪ್ಪಳದ ಗವಿಮಠದ ಜಾತ್ರಿಗೆ ಹೋದ್ರ ಏನ್ ಮಾಡ್ಬೇಕವ್ವಾ? ದಾಸೋಹದಾಗ ಮಿರ್ಚಿ ಬೇಡ ಅನ್ನಾಕ ಆಗತೈತೇನು?'

ಬೇಡ ಅನ್ನಬೇಡಿ, ಅಜ್ಜಾರ. ಲಕ್ಷಗಟ್ಟಲೆ ರೊಟ್ಟಿ ಊರೂರಿಂದ ಬಂದು ಸೇರುವ ಜಾಗ ಅದು. ಬಾಣಲೆಯ ಸುತ್ತ ನೂರಾರು ಜನ ಬೆವರು ಸುರಿಸಿ ಮಾಡಿದ ಮಿರ್ಚಿ. ಕೂತು, ನಿಧಾನವಾಗಿ, ಒಂದೋ ಎರಡೋ ತಿನ್ನಿ. ಅವತ್ತು ಸಿಹಿ ಮಾದಲಿ ಎರಡು ತುತ್ತಿಗೆ ನಿಲ್ಲಿಸಿ, ಮಾತ್ರೆ ಮರೆಯಬೇಡಿ, ಮಠದ ಸುತ್ತ ಚೆನ್ನಾಗಿ ನಡೆಯಿರಿ. ಜಾತ್ರೆ ವರ್ಷಕ್ಕೊಂದು ಸಲ. ಮಿಲ್ಲಿನ ಗೇಟು ದಿನಾ ಇರುತ್ತದೆ.

ಎರಡನೆಯದು ಒಬ್ಬ ತಾಯಿಯದು. ಮೈಕು ಬೇಡ ಅಂದರು, ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಮಿರ್ಚಿ ಬಿಟ್ಟಿದ್ದೀನಿ ಅನ್ನುತ್ತಾರೆ. ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಪೇಪರಿನ ತುಂಡು ಸಿಕ್ಕಿತು. ಎಣ್ಣೆ ಕುಡಿದು ಅಕ್ಷರ ಆಚೆ ಕಾಣುವಂತಾಗಿತ್ತು. 'ನನ್ನ ಕಣ್ಣಿಗೆ ಬೀಳಬಾರ್ದು ಅಂತ ರಸ್ತ್ಯಾಗ ಒಗೀದ ಜೇಬಿನ್ಯಾಗ ಇಟ್ಕೊಂಡಾರ್ರೀ. ಜಗಳ ಆಡ್ಲೋ ಬ್ಯಾಡೋ?' ಅಂದರು. ಕಣ್ಣಲ್ಲಿ ನೀರಿತ್ತು.

ಜಗಳ ಬೇಡ ಅಂದೆ. ಪೇಪರು ಸಿಕ್ಕಿತು ಅಂತಲೂ ಹೇಳಬೇಡಿ. ಅವರು ಮುಚ್ಚಿಡುತ್ತಿರುವುದು ನಾಚಿಕೆಗೆ. ಯಾಕೆ ತಿಂದಿರಿ ಅಂತ ಕೇಳಿದರೆ ಇನ್ನೂ ಆಳಕ್ಕೆ ಮುಚ್ಚಿಡುತ್ತಾರೆ. ಬೇರೆ ಒಂದು ಪ್ರಶ್ನೆ ಕೇಳಿ. ಮಧ್ಯಾಹ್ನ ಊಟ ಎಷ್ಟು ಗಂಟೆಗೆ ಮಾಡಿದಿರಿ ಅಂತ ಕೇಳಿ.

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, 'ಮುಂಜಾನೆ ಆರಕ್ಕ ಬರೇ ಚಾ ಕುಡಿದು ಹೋಗ್ತಾರ್ರೀ. ಹೊಲದಾಗ ಊಟ ಇಲ್ಲ. ಮನೀಗೆ ಬರೋದು ಐದಕ್ಕ' ಅಂದರು.